ನಿಂತು ಮುಟ್ಟಬಾರದು

ನಮ್ಮೂರಿನಲ್ಲಿ ಸುತ್ತಿನವರನ್ನು ನಿಂತುಕೊಂಡು ಮುಟ್ಟಬಾರದು. ಊಟ ಕೊಡಲಿ, ಒಗೆದ ಬಟ್ಟೆ ಕೊಡಲಿ, ತಲೆನೋವಿನ ಮಾತ್ರೆ ಕೊಡಲಿ, ತಾರಸಿಯ ಮೇಲೆ ಅವರ ಜೊತೆಗೆ ಅವರಷ್ಟೇ ವೇಗದಲ್ಲಿ ಓಡುತ್ತ ಕೊಡಬೇಕು. ಯಾಕೆ ಎಂದು ಕೇಳಿದರೆ, ಅವರು ಸಾಗುತ್ತಿರುವಾಗ ನಾವು ನೆಟ್ಟ ಕಂಬದ ಹಾಗೆ ನಿಂತಿರುವುದು ಮರ್ಯಾದೆಯಲ್ಲ ಎಂದು ಹಿರಿಯರು ಹೇಳುತ್ತಾರೆ. ಅದಕ್ಕೇ ನಮ್ಮ ಮೂಡಲ ಕೇರಿಯ ಹನ್ನೆರಡು ಮನೆಗಳ ತಾರಸಿಗಳನ್ನು ನಡುವೆ ಗೋಡೆಯಿಲ್ಲದೆ ಒಂದಕ್ಕೊಂದು ಸೇರಿಸಿ ಕಟ್ಟಿದ್ದಾರೆ. ಹೆಣ್ಣು ನೋಡಲು ಬಂದವರು ಹಾಡಲು ಬರುತ್ತದೆಯೇ ಎಂದು ನಮ್ಮಲ್ಲಿ ಕೇಳುವುದಿಲ್ಲ, ಓಡಲು ಬರುತ್ತದೆಯೇ ಎಂದು ಕೇಳುತ್ತಾರೆ.

ಊರಿನ ನಡುವೆ ಒಂದು ಗುಡ್ಡ, ಅದರ ಸುತ್ತ ಬಳೆಯಂತೆ ಊರು. ಪೂರ್ತಿ ಒಂದು ಸುತ್ತಿಗೆ ಆರು ಮೈಲಿ. ಗುಡ್ಡದ ಆಚೆಗಿರುವುದು ಪಡುವಲ ಕೇರಿ. ಒಂದು ಕೇರಿಯಿಂದ ಇನ್ನೊಂದು ಕಾಣುವುದಿಲ್ಲ. ನಮ್ಮ ಕೇರಿಯ ಪಕ್ಕದಲ್ಲೇ ನೆಗೆಬಂಡೆ ಇದೆ. ಅದರ ಮೇಲೆ ಓಡಿ ಬಂದು ನೇರ ಮುಂದಕ್ಕೆ ಜೋರಾಗಿ ನೆಗೆದವರು ಬೀಳಲು ಶುರು ಮಾಡುತ್ತಾರೆ. ಆದರೆ ಅವರು ಎಷ್ಟು ಬೀಳುತ್ತಾರೋ ಕೆಳಗಿನ ನೆಲವೂ ಅಷ್ಟೇ ಬಾಗಿ ತಗ್ಗುವುದರಿಂದ ಅವರಿಗೆ ನೆಲ ಸಿಗುವುದೇ ಇಲ್ಲ. ಬೀಳುತ್ತ ಬೀಳುತ್ತಲೇ ಊರನ್ನು ಸುತ್ತಿ ಹೊರಟ ಜಾಗಕ್ಕೆ ಬರುತ್ತಾರೆ, ನಿಲ್ಲದೆ ಮತ್ತೆ ಹೊರಡುತ್ತಾರೆ. ನೆಗೆತ ಸಾಲದವರು ಹುಣಸೆ ತೋಪಿನಲ್ಲಿ ಬಿದ್ದು ಕಾಲು ಮುರಿದುಕೊಳ್ಳುತ್ತಾರೆ. ನೆಗೆತ ಹೆಚ್ಚಾದವರು ಪಡುವಲ ಕೇರಿಯ ಮೇಲೆ ತೆಂಗಿನ ಮರಕ್ಕಿಂತ ಎತ್ತರ ಏರಿ, ನಮ್ಮ ಕಡೆಗೆ ಬರುವಷ್ಟರಲ್ಲಿ ಬಂಡೆಯ ಮಟ್ಟಕ್ಕೆ ಇಳಿದಿರುತ್ತಾರೆ. ಒಬ್ಬರಿಗೆ ಒಂದೇ ನೆಗೆತ. ಇಳಿದವರನ್ನು ಬಂಡೆ ಎರಡನೇ ಸಲ ಎತ್ತಿಕೊಳ್ಳುವುದಿಲ್ಲ. ಸದ್ಯಕ್ಕೆ ಸುತ್ತಿನಲ್ಲಿ ಹದಿಮೂರು ಜನ ಇದ್ದಾರೆ. ಅವರಲ್ಲಿ ಒಬ್ಬ ನಿವೃತ್ತ ಮೇಷ್ಟ್ರು, ಶಾಲೆಯ ಮೇಲೆ ಹಾದುಹೋಗುವಾಗ ಸುತ್ತಿಗೊಂದರಂತೆ ಮಕ್ಕಳಿಂದ ಮಗ್ಗಿ ಹೇಳಿಸುತ್ತಾರೆ. ಬೇರೆ ಊರಿನಿಂದ ಬಂದವರು ಮೊದಲು ಕೇಳುವುದು ಇವರೆಲ್ಲ ಕಕ್ಕಸಿಗೆ ಏನು ಮಾಡುತ್ತಾರೆ ಎಂದು. ಮುಚ್ಚಳವಿರುವ ಡಬ್ಬ ಇದೆ. ಅದನ್ನೂ ಓಡುತ್ತಲೇ ಇಸಿದುಕೊಳ್ಳಬೇಕು.

ಆ ಹದಿಮೂರರಲ್ಲಿ ಒಬ್ಬಳು ನನ್ನ ಅಕ್ಕ ಚೆಲುವಾಂಬ, ಮನೆಯಲ್ಲಿ ಚೆಲುವಿ. ಪಡುವಲ ಕೇರಿಯಲ್ಲಿ ಹಿಟ್ಟಿನ ಗಿರಣಿ ಇಟ್ಟುಕೊಂಡಿರುವ ಮರಿಸ್ವಾಮಿ ಭಾವನಿಗೆ ಅವಳನ್ನು ಕೊಟ್ಟಿದ್ದೆವು. ಮದುವೆಯಾದ ಮೂರನೇ ವರ್ಷ, ಅಂದರೆ ಈಗ ನಾಲ್ಕು ವರ್ಷದ ಹಿಂದೆ, ಒಂದು ಮಧ್ಯಾಹ್ನ ಬಂದು ನೆಗೆದಳು. ಭಾವ ಕುಡಿಯುತ್ತಿರಲಿಲ್ಲ, ಹೊಡೆಯುತ್ತಿರಲಿಲ್ಲ. ಅವರ ತಾಯಿ ನಿಂಗಾಜಮ್ಮ ಹೊಟ್ಟೆಗೆ ಕಡಿಮೆ ಮಾಡಿರಲಿಲ್ಲ. ಅಲ್ಲಿ ಏನಾದರೂ ಎಡವಟ್ಟಾದರೆ ‘ನಿಮ್ಮನೇಲಿ ಹಿಂಗೇನಾ’ ಎನ್ನುತ್ತಿದ್ದರು. ಇಲ್ಲಿ ಬಂದು ನಾಲ್ಕು ದಿನ ಇದ್ದರೆ ಅವ್ವ ‘ನಿಮ್ಮನೆಗೆ ಯಾವತ್ತು ಹೋಯ್ತೀಯ’ ಎನ್ನುತ್ತಿದ್ದಳು. ಇಬ್ಬರೂ ಹೇಳುವ ಆ ಮನೆ ಎಲ್ಲಿದೆ ಎಂದು ಅಕ್ಕ ಒಮ್ಮೆ ನನ್ನನ್ನು ಕೇಳಿದ್ದಳು. ನಾನು ಪಿಯುಸಿ ಓದುತ್ತಿದ್ದೆ, ಮಾರನೇ ದಿನ ಪರೀಕ್ಷೆ ಇತ್ತು, ಉತ್ತರ ಹೇಳಲಿಲ್ಲ. ಇಷ್ಟೇ ಕಾರಣವೇ ಎಂದರೆ ನನಗೆ ಗೊತ್ತಿರುವುದು ಇಷ್ಟೇ. ಅವಳು ನೆಗೆದ ಮೇಲೆ ಎರಡು ಮನೆಯವರೂ ಒಬ್ಬರ ಮೇಲೊಬ್ಬರು ತಪ್ಪು ಹೊರಿಸಿ ಮಾತು ಬಿಟ್ಟರು. ಅಕ್ಕ ಜೋರಾಗಿಯೇ ನೆಗೆದಿದ್ದಳು. ನಮ್ಮ ತಾರಸಿಯ ಮೇಲೆ ನನ್ನ ಮೊಣಕಾಲೆತ್ತರದಲ್ಲಿ ಪಾದವಿಟ್ಟುಕೊಂಡು ಹಾಯುವವಳು ಗಂಡನ ಮನೆಯ ಮೇಲೆ ನೂರಡಿ ಎತ್ತರದಲ್ಲಿರುತ್ತಿದ್ದಳು. ಅಲ್ಲಿನವರಿಗೆ ಅವಳ ಅಂಗಾಲು ಮಾತ್ರ ಕಾಣುತ್ತಿತ್ತು.

ಒಂದು ಸುತ್ತಿಗೆ ನಲವತ್ತು ನಿಮಿಷ, ಆರಾಮಾಗಿ ಸೈಕಲ್ ಹೊಡೆಯುವವರ ವೇಗ. ತಾರಸಿಯ ಈ ತುದಿಯಿಂದ ಆ ತುದಿಯವರೆಗೆ ನಮಗೆ ಅರ್ಧ ನಿಮಿಷ ಸಿಗುತ್ತದೆ. ಏದುಸಿರಿನಲ್ಲಿ ಎಷ್ಟು ಮಾತಾಡಲಾಗುತ್ತದೋ ಅಷ್ಟೇ ಮಾತು, ಉಳಿದದ್ದು ಮುಂದಿನ ಸುತ್ತಿಗೆ. ಹುಳಿಗೆ ಬೆಲ್ಲ ಹಾಕಬೇಕೇ ಬೇಡವೇ ಎಂದು ಅವ್ವ ಮತ್ತು ಅಕ್ಕ ಒಂದು ದಿನ ಬೆಳಿಗ್ಗೆ ಶುರು ಮಾಡಿದ ಜಗಳ ಮುಗಿಯುವ ಹೊತ್ತಿಗೆ ಸಂಜೆಯಾಗಿತ್ತು. ಅಷ್ಟು ಹೊತ್ತು ಕೋಪ ಉಳಿಯುವುದಿಲ್ಲ. ಕೊನೆಗೆ ಬೆಲ್ಲ ಬೇಕು ಎಂದವರು ಯಾರು ಎಂಬುದು ಇಬ್ಬರಿಗೂ ನೆನಪಿರಲಿಲ್ಲ.

ಮೊದಲ ಎರಡು ವರ್ಷ ಓಡಿದವಳು ನಾನು. ಆಮೇಲೆ ಡಿಗ್ರಿ ಓದಲು ಬೇರೆ ಊರಿನ ಹಾಸ್ಟೆಲಿಗೆ ಹೋದೆ. ಅವ್ವನಿಗೆ ಮಂಡಿ ನೋವು, ಕಷ್ಟಪಟ್ಟು ತಾರಸಿ ಹತ್ತಿದರೂ ಸ್ಟೂಲಿನ ಮೇಲೆ ಕೂರಬೇಕು, ಓಡುವುದು ಆಗದ ಮಾತು. ಹಾಗಾಗಿ ಪಕ್ಕದ ಮನೆಯ ಸೊಸೆ ಓಡಿ ಊಟ ಕೊಡುತ್ತಿದ್ದಳು. ಎರಡು ವರ್ಷದ ಮೇಲೆ ಈ ಬೇಸಿಗೆ ರಜೆಗೆ ಮನೆಗೆ ಬಂದ ಮಾರನೇ ಬೆಳಿಗ್ಗೆ ನೋಡುತ್ತೇನೆ, ಅವ್ವ ಕುಂಕುಮದ ಡಬ್ಬಿ ಹಿಡಿದು ತಾರಸಿಯ ನಡುವೆ ನಿಂತಿದ್ದಾಳೆ. “ಈಗ ಬತ್ತಾಳೆ ನೋಡು” ಎಂದಳು. ಅಕ್ಕ ಬಂದಳು. ಹತ್ತಿರವಾಗುತ್ತಿದ್ದಂತೆ ತಲೆಯನ್ನು ತುಸು ಮುಂದಕ್ಕೆ ಬಾಗಿಸಿದಳು. ಅವ್ವ ನಿಂತಲ್ಲಿಂದಲೇ ಬೆರಳು ಚಾಚಿ ಅವಳ ಹಣೆಗೆ ಒತ್ತಿದಳು. ಅಕ್ಕ ಹೋದಳು. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯಿತು.

“ನಿಂತ್ಕಂಡು ಮುಟ್ತೀಯಲ್ಲವ್ವ” ಎಂದೆ.

“ಮರ್ವಾದೆ ಎಲ್ಲ ಹೊರಗಿನೋರಿಗೆ ಕಣೆ. ನಾ ಹೆತ್ತೋಳಿಗೆ ನಾ ಯಾವ ಮರ್ವಾದೆ ಕೊಡ್ಬೇಕು? ನೀ ಹೋದಾಗ್ನಿಂದ ದಿನಾ ಬೆಳಿಗ್ಗೆ ಒಂದ್ಸಲ ಇಡ್ತೀನಿ.” ಆಮೇಲೆ ಗುಟ್ಟು ಹೇಳುವವಳ ಹಾಗೆ ನನ್ನ ಕಡೆಗೆ ಬಗ್ಗಿದಳು. “ಮೊದ್ಲು ಗಡಿಯಾರ ಇಟ್ಟಂಗೆ ನಲವತ್ತು ನಿಮಿಷ ಆಗ್ತಿತ್ತಲ್ಲ, ಈಗ ಅರ್ಧ ನಿಮಿಷ ಮುಂಚೇನೇ ಬಂದ್ಬುಡ್ತಾಳೆ. ಒಂದು ಚುಕ್ಕೆ ಕುಂಕುಮಕ್ಕೆ ಹೆಂಗೆ ಓಡ್ಬತ್ತಾಳೆ ನೋಡು.”

ನಮ್ಮ ಹಾಸ್ಟೆಲಿನ ಲೈಬ್ರರಿ ಎಂದರೆ ಎರಡು ಬೀರು. ಅದರಲ್ಲಿ ರಟ್ಟು ಮತ್ತು ಮೊದಲ ಹದಿನಾರು ಪುಟ ಕಿತ್ತುಹೋದ ಒಂದು ಪುಸ್ತಕವಿತ್ತು, ಬೇರೆ ಬೇರೆ ಗ್ರಹಗಳ ಚಂದ್ರರ ಬಗ್ಗೆ. ಹತ್ತಿರದ ಚಂದ್ರ ಬೇಗ ಸುತ್ತುತ್ತದೆ, ದೂರದ್ದು ನಿಧಾನ ಸುತ್ತುತ್ತದೆ ಎಂದು ಅದರಲ್ಲಿ ಓದಿದ್ದೆ. ಅಕ್ಕರೆಯಿಂದ ಬೇಗ ಬರುವ ಚಂದ್ರ ಒಂದೂ ಇರಲಿಲ್ಲ. ಅಕ್ಕ ಬೇಗ ಬರುತ್ತಿದ್ದಾಳೆ ಎಂದರೆ ಎಲ್ಲೋ ನೆಲಕ್ಕೆ ಹತ್ತಿರವಾಗಿರಬೇಕು ಎಂದು ನನಗೆ ಅನ್ನಿಸಿತು. ಮುಂದಿನ ಸುತ್ತಿನಲ್ಲಿ ಜೊತೆಗೆ ಓಡಿ ನೋಡಿದೆ. ಅವಳ ಪಾದ ಎರಡು ವರ್ಷದ ಹಿಂದಿನಂತೆಯೇ ನನ್ನ ಮೊಣಕಾಲಿಗೆ ಸರಿಯಾಗಿತ್ತು. ಸರಿ, ಅವ್ವನ ಗಡಿಯಾರ ಕೆಟ್ಟಿರಬೇಕು ಎಂದುಕೊಂಡು ಕೆಳಗೆ ಬಂದು ಮಲಗಿದೆ. ಸುತ್ತಿಗೆ ಇನ್ನೊಂದು ಕಡೆಯೂ ಇರುತ್ತದೆ ಎಂಬುದು ಇಷ್ಟು ಓದಿದ ನನಗೆ ಹೊಳೆಯಲಿಲ್ಲ.

ಅದಾದ ಆರನೇ ದಿನ ಬೆಳಿಗ್ಗೆ ಹತ್ತು ಗಂಟೆಗೆ ಭಾವ ಬಂದರು. ಸೈಕಲ್ಲನ್ನು ಬಾಗಿಲ ಮುಂದೆ ನಿಲ್ಲಿಸಿ, ಹುಬ್ಬಿನ ಮೇಲೆ ಹಿಟ್ಟು ಕೂತಿದ್ದ ಮುಖ ಹೊತ್ತು, ಹೊಸಿಲು ದಾಟಲೋ ಬೇಡವೋ ಎಂದು ನಿಂತಿದ್ದರು. ಅವ್ವ ಅವರ ಕಡೆ ನೋಡದೆ ನನಗೆ, “ಬಂದೋರಿಗೆ ನೀರು ಬೇಕಾ ಕೇಳು” ಎಂದಳು.

“ನೀರು ಬ್ಯಾಡ ಅತ್ತೆ. ಚೆಲುವಿ ವಿಚಾರ.”

“ಯಾವ ಚೆಲುವಿ ಕೇಳು.”

“ನೀ ಸುಮ್ಕಿರವ್ವ. ಹೇಳಿ ಭಾವ.”

ಭಾವ ಜೇಬಿನಿಂದ ಒಂದು ಬಟ್ಟೆಯ ಚೂರು ತೆಗೆದರು. ಅಕ್ಕನ ಹಸಿರು ಸೀರೆಯ ಅಂಚು, ಎರಡು ಬೆರಳಗಲ. “ಇವತ್ತು ಬೆಳಿಗ್ಗೆ ನಮ್ಮ ಗಿರಣಿ ತಗಡಿಗೆ ಸಿಕ್ಕಿ ಹರೀತು. ಹತ್ತು ದಿನದಿಂದ ಮಂಡಿ ಮಡಚ್ಕಂಡು ದಾಟ್ತಿದ್ಲು. ಇವತ್ತು ಮಡಚಿದ್ರೂ ಉಜ್ತು. ಆಮೇಲಿನ ಸುತ್ತಲ್ಲಿ ಇನ್ನೊಂಚೂರು ಉಜ್ತು.”

“ನಿಮ್ಮನೆ ಮೇಲೆ ಅವಳು ನೂರಡಿ ಎತ್ತರ ಇದ್ಲಲ್ಲ?”

“ಇದ್ಲು. ಎರಡು ವರ್ಷದಿಂದ ಇಳೀತಾನೇ ಅವ್ಳೆ. ದಿನಕ್ಕೊಂದು ಇಂಚು, ಒಂದೂವರೆ ಇಂಚು. ಮೊದ್ಲು ತೆಂಗಿನ ಮರ ಗುರುತಿಟ್ಕಂಡು ನೋಡ್ತಿದ್ದೆ. ಆಮೇಲೆ ಎಷ್ಟೆಷ್ಟು ಇಳಿದ್ಲು ಅಂತ ಲೆಕ್ಕಕ್ಕೆ ಗಿರಣಿ ಗೋಡೆ ಮೇಲೆ ಇದ್ದಿಲಲ್ಲಿ ಗೆರೆ ಎಳ್ಕಂಡು ಬಂದೆ.”

“ಎರಡು ವರ್ಷ ಗೆರೆ ಎಳ್ಕಂಡು ಸುಮ್ನಿದ್ರಾ?”

ಭಾವ ನೆಲ ನೋಡಿದರು. “ಸೊಸೆ ಮನಸು ನಮ್ಮ ಕಡೆ ಇಳೀತಾ ಅದೆ, ಯಾರೂ ಬಾಯಿ ಹಾಕ್ಬೇಡಿ ಅಂದ್ಲು ನಮ್ಮಮ್ಮ. ಮಾಳಿಗೆ ಗುಡಿಸಿ ಚಾಪೆ ಬ್ಯಾರೆ ಹಾಸವ್ಳೆ. ನಂಗೂ ಹಂಗೇ ಅನ್ನಿಸ್ತು ದಾಕ್ಷಿ. ಮೊದ್ಲು ಬರೀ ಪಾದ ಕಾಣ್ತಿತ್ತು. ಈಚೆಗೆ ಮುಖ ಕಾಣ್ತು, ಹಣೇಲಿ ಕುಂಕುಮ ಕಾಣ್ತು. ನಂಗೇ ಅಂತ ಇಟ್ಕಂಡವ್ಳೆ ಅಂದ್ಕಂಡೆ.”

“ಅದು ನಾನಿಟ್ಟಿದ್ದು” ಎಂದಳು ಅವ್ವ. ನಾಲ್ಕು ವರ್ಷದ ಮೇಲೆ ಅಳಿಯನಿಗೆ ನೇರವಾಗಿ ಆಡಿದ ಮೊದಲ ಮಾತು ಅದು. ಹೇಳುವಾಗ ದನಿಯಲ್ಲಿ ಗೆದ್ದ ಸಡಗರ ಇತ್ತು.

ನಾನು ಒಂದು ಸೀಮೆಸುಣ್ಣ ಹುಡುಕಿ ನೆಲದ ಮೇಲೆ ಗುಡ್ಡ ಬರೆದೆ, ಅದರ ಸುತ್ತ ಕೋಳಿಮೊಟ್ಟೆಯ ಆಕಾರದಲ್ಲಿ ಅಕ್ಕನ ದಾರಿ ಬರೆದೆ. ನಮ್ಮ ಕಡೆ ನೆಲಕ್ಕೆ ಹತ್ತಿರ, ಅವರ ಕಡೆ ದೂರ. ಇಲ್ಲಿ ಜೋರಾಗಿ ನೆಗೆದವರು ಅಲ್ಲಿ ಎತ್ತರ ಏರುತ್ತಾರೆ ಎಂದರೆ, ಇಲ್ಲಿ ನಿಧಾನವಾದವರು ಅಲ್ಲಿ ತಗ್ಗಬೇಕು. ಎದುರಿಗೆ ಬರುವವಳ ಹಣೆಯನ್ನು ನಿಂತವಳ ಬೆರಳು ದಿನಾ ಒಂದು ಸಲ ಹಿಂದಕ್ಕೆ ಒತ್ತಿದೆ. ದಾರಿ ಗಿಡ್ಡವಾಗಿದೆ, ಆದ್ದರಿಂದ ಬೇಗ ಬಂದಿದ್ದಾಳೆ. ನಮ್ಮ ಕಡೆಯ ಎತ್ತರ ಮಾತ್ರ ಇದ್ದಂತೆಯೇ ಇದೆ, ಆದ್ದರಿಂದ ನಮಗೆ ಏನೂ ಗೊತ್ತಾಗಿಲ್ಲ. ಇದನ್ನೆಲ್ಲ ಹೇಳಿದೆ. ಅವ್ವ ಚಿತ್ರವನ್ನು ನೋಡಲೇ ಇಲ್ಲ, ತನ್ನ ಬೆರಳು ನೋಡಿಕೊಂಡಳು.

“ಒಂದು ಚುಕ್ಕೆ ಕುಂಕುಮ ಕಣೆ. ಇರುವೆ ಕೂತಷ್ಟು ಭಾರ ಇಲ್ಲ.”

“ದಿನಕ್ಕೊಂದು ಇರುವೆ ಅವ್ವ. ಎರಡು ವರ್ಷ.”

“ಇಲ್ಲಿ ಮುಟ್ಟಿದ್ರೆ ಇಲ್ಲಿ ಇಳೀಬೇಕಪ್ಪ. ಅಲ್ಲಿ ಯಾಕೆ ಇಳೀತಾಳೆ?”

“ಯಾಕೆ ಅಂತ ನಂಗೂ ಪೂರ್ತಿ ಗೊತ್ತಿಲ್ಲ. ಇಳಿದವ್ಳೆ. ಭಾವ ಗೆರೆ ಎಳೆದವ್ರೆ.”

ಆರು ವರ್ಷದ ಹಿಂದೆ ಸುತ್ತಿನಲ್ಲಿದ್ದ ಒಬ್ಬ ದರ್ಜಿ ಪಡುವಲ ಕೇರಿಯ ನೀರಿನ ತೊಟ್ಟಿಗೆ ಬಡಿದು ಕೆಳಗೆ ಬಿದ್ದು ಸತ್ತಿದ್ದ. ಅವನ ಹೆಂಡತಿ ನಿಂತುಕೊಂಡೇ ಎಲೆಅಡಿಕೆ ಕೊಡುತ್ತಿದ್ದಳಂತೆ. ಮರ್ಯಾದೆ ತಪ್ಪಿದ್ದಕ್ಕೆ ಹಾಗಾಯಿತು ಎಂದು ಊರು ಹೇಳಿತು. ಅಷ್ಟು ಹೇಳಿ ಮನೆಗೆ ಹೋಯಿತು. ಅವ್ವನಿಗೆ ಆ ದರ್ಜಿ ನೆನಪಾದ ಎಂದು ನನಗೆ ಅವಳ ಮುಖದಲ್ಲೇ ಗೊತ್ತಾಯಿತು.

“ತಗಡು ಬಿಚ್ಚಿ ಭಾವ” ಎಂದೆ.

“ಆಳು ಹತ್ತಿಸಿ ಬಂದಿದೀನಿ. ತಗಡು ಬಿಚ್ಬೋದು, ಅದರ ಕೆಳಗೆ ಕಲ್ಲು ಗೋಡೆ. ಇನ್ನೆರಡು ಸಲ ಉಜ್ಜಿದ್ರೆ ಬಟ್ಟೆ ಎಲ್ಲಾದ್ರೂ ಭದ್ರವಾಗಿ ಸಿಕ್ಕಾಕ್ಕತದೆ.”

ಹತ್ತೂ ಮುಕ್ಕಾಲಿನ ಸುತ್ತಿಗೆ ಮೂವರೂ ತಾರಸಿಯ ಮೇಲಿದ್ದೆವು. ಅಕ್ಕ ಬಂದಳು. ಎರಡೂ ಮಂಡಿಗಳ ಮೇಲೆ ಸೀರೆಗೆ ರಕ್ತ ಅಂಟಿತ್ತು. ಅವಳ ಪಾದ ನನ್ನ ಮೊಣಕಾಲಿಗಿಂತ ಒಂದು ಬೆರಳು ಕೆಳಗೆ ಬಂದಿತ್ತು. ಅಲ್ಲಿ ಉಜ್ಜಿ ನಿಧಾನವಾದದ್ದು ಇಲ್ಲಿ ಕಾಣುತ್ತಿತ್ತು. ನಾನು ಜೊತೆಗೆ ಓಡಿದೆ.

“ಇಳೀತಾ ಇರೋದು ನಿಂಗೆ ಗೊತ್ತಿತ್ತಾ?”

“ಗೊತ್ತಿತ್ತು.”

“ಯಾರಿಂದ ಅಂತ?”

“ಅದೂ.” ಭಾವ ನಿಂತಿದ್ದನ್ನು ಅವಳು ನೋಡಿದಳು. ತಾರಸಿ ಮುಗಿಯಿತು.

ಮತ್ತೆ ನಲವತ್ತು ನಿಮಿಷ. ಅವ್ವ ತನ್ನ ಸ್ಟೂಲಿನ ಮೇಲೆ ಕೂತು ಒಂದೇ ಮಾತು ಹಿಡಿದಳು. “ನೀವಿಬ್ರೂ ಎರಡು ಕಡೆ ತೋಳು ಹಿಡ್ಕಳಿ. ಇಳ್ಸಿ. ಆಮೇಲೆ ಬೈದ್ರೆ ಬೈಯ್ಲಿ, ಬದುಕಿರ್ತಾಳಲ್ಲ.” ಇಳಿಸುವುದು ಅಂಥ ಕಷ್ಟವೇನಲ್ಲ. ಇಬ್ಬರು ಜೊತೆಗೆ ಓಡುತ್ತ ಹಿಡಿದು ಮೆಲ್ಲಗೆ ನಿಂತರೆ ಅವರೂ ನಿಲ್ಲುತ್ತಾರೆ. ಆದರೆ ಬರುವವರಿಗೆ ಮನಸ್ಸಿರಬೇಕು. ಕೊಸರಾಡಿ ಕೈ ಜಾರಿತೆಂದರೆ, ಅರ್ಧ ನಿಧಾನವಾದ ಮನುಷ್ಯ ಎದುರು ಕೇರಿಯನ್ನು ಮುಟ್ಟುವ ಹೊತ್ತಿಗೆ ಗೋಡೆಯ ನಡುಮಟ್ಟದಲ್ಲಿರುತ್ತಾನೆ.

“ನಂಗೂ ಇಳ್ಸೋಣ ಅಂತಲೇ ಆಸೆ ಅತ್ತೆ” ಎಂದರು ಭಾವ. “ನಿಮಗಿಂತ ಜಾಸ್ತೀನೇ ಇರ್ಬೋದು. ಅವಳು ಹೂಂ ಅಂದ್ರೆ ಹಿಡೀತೀನಿ.”

ಹನ್ನೊಂದೂಕಾಲರ ಮೇಲೆ ಅಕ್ಕ ಬಂದಳು. ಈ ಸಲ ತಾರಸಿ ಮುಟ್ಟುವ ಮೊದಲೇ ಮಾತು ಶುರು ಮಾಡಿದಳು. ಅಷ್ಟು ದೂರದಿಂದ ಜೋಡಿಸಿಕೊಂಡು ಬಂದಿರಬೇಕು. “ಯಾಕೆ ಹೇಳ್ಲಿಲ್ಲ ಅಂತ ಕೇಳ್ತೀಯ. ದಿನವೆಲ್ಲ ಕೂತು ನೋಡ್ತಾಳೆ, ಒಂದ್ಸಲ ಮುಟ್ತಾಳೆ. ಅದನ್ನೂ ಬ್ಯಾಡ ಅನ್ನೋಕೆ ಬಾಯಿ ಬರ್ಲಿಲ್ಲ. ನಾಳೆ ಹೇಳಾಣ ನಾಳೆ ಹೇಳಾಣ ಅಂತ ಇಲ್ಲಿಗ್ಬಂತು.”

“ಇದು ದಡ್ಡತನ ಅಕ್ಕ.”

“ಹೂಂ, ದಡ್ಡತನವೇ.”

“ಇಳಿತೀಯಾ? ಭಾವ, ನಾನು ಹಿಡ್ಕೋತೀವಿ.”

“ಇಳಿಯಲ್ಲ. ಹಿಡೀಬ್ಯಾಡಿ, ಒದ್ದುಬಿಡ್ತೀನಿ” ಎಂದಳು, ಭಾವನಿಗೂ ಕೇಳುವ ಹಾಗೆ. ಭಾವ ತಲೆಯಾಡಿಸಿದರು. ಆಮೇಲೆ ತಾರಸಿಯ ಅಂಚಿಗೆ ಹೋಗಿ ಬೀದಿ ನೋಡುತ್ತ ಬಹಳ ಹೊತ್ತು ನಿಂತರು.

ಉಳಿದದ್ದು ಒಂದೇ ದಾರಿ. ಬೆರಳು ಹಿಂದಕ್ಕೆ ಒತ್ತಿದ್ದನ್ನು ಅಂಗೈ ಮುಂದಕ್ಕೆ ಒತ್ತಬೇಕು. ಇಲ್ಲಿ ತಳ್ಳಿದರೆ ಅಲ್ಲಿ ಏರುತ್ತಾಳೆ. ಅದಕ್ಕೂ ಜೊತೆಗೆ ಓಡುತ್ತಲೇ ತಳ್ಳಬೇಕು. ನಾನು ಸೆರಗು ಸಿಕ್ಕಿಸಿಕೊಂಡು ಹನ್ನೆರಡರ ಸುತ್ತಿಗೆ ಸಿದ್ಧಳಾದೆ. ಅಕ್ಕ ಬಂದಳು. ಬಲ ಮಂಡಿಯಿಂದ ರಕ್ತ ಇಳಿದು ಪಾದದ ತುದಿಯಲ್ಲಿ ಕಟ್ಟಿತ್ತು. ಅಷ್ಟು ಸಣ್ಣ ಹನಿಯೂ ಕೆಳಗೆ ಬೀಳದೆ ಅವಳ ಜೊತೆಗೇ ತೇಲಿ ಬರುತ್ತಿತ್ತು. “ಬೆನ್ನು ಕೊಡು, ತಳ್ತೀನಿ” ಎಂದೆ.

“ನೀನು ಬ್ಯಾಡ. ಅವ್ವ ತಳ್ಳಲಿ.”

“ಅವ್ವನಿಗೆ ಓಡಕ್ಕೆ ಎಲ್ಲಾಗುತ್ತೆ? ಯಾರು ತಳ್ಳಿದ್ರೇನು?”

“ನೀ ತಳ್ಳಿದ್ರೆ ನಾಳೆ ಬೆಳಿಗ್ಗೆ ಅವ್ವ ಮತ್ತೆ ಡಬ್ಬಿ ಹಿಡ್ಕಂಡು ನಿಂತಿರ್ತಾಳೆ. ರಜ ಮುಗಿದ್ರೆ ನೀ ಇರಲ್ಲ.” ತುದಿ ಬಂತು. ನಾನು ನಿಂತೆ, ಅವಳು ಹೋದಳು.

ಅವಳು ಹೇಳಿದ್ದು ಅವ್ವನಿಗೂ ಕೇಳಿಸಿತ್ತು. ಸೀರೆಯನ್ನು ಸ್ವಲ್ಪ ಎತ್ತಿ ಊದಿದ ಮಂಡಿಯನ್ನು ನೋಡಿಕೊಂಡು, “ನಂಗೆ ಓಡಕ್ಕಾಗಲ್ವಲ್ಲ” ಎಂದಳು. ಅಕ್ಕನಿಗಲ್ಲ, ನನಗಲ್ಲ, ಆ ಮಂಡಿಗೇ ಹೇಳಿದಂತಿತ್ತು.

ಭಾವ ಕೆಳಗಿಳಿದು ಹೋದರು. ಸಿಟ್ಟಾಗಿ ಹೊರಟರು ಎಂದುಕೊಂಡೆ. ನೋಡಿದರೆ ಸೈಕಲ್ಲನ್ನು ಹೆಗಲ ಮೇಲೆ ಹೊತ್ತುಕೊಂಡು ಮೆಟ್ಟಿಲು ಹತ್ತಿ ಬರುತ್ತಿದ್ದಾರೆ. ತಾರಸಿಯ ತುದಿಯಲ್ಲಿ ನಿಲ್ಲಿಸಿ, ಹಿಂದಿನ ಕ್ಯಾರಿಯರನ್ನು ಟವೆಲಿನಿಂದ ಒರೆಸಿದರು. “ಕೂತ್ಕಳಿ ಅತ್ತೆ.”

ಅವ್ವ ನನ್ನ ಮುಖ ನೋಡಿದಳು, ಸೈಕಲ್ ನೋಡಿದಳು. “ಬೀಳ್ಸಿದ್ರೆ ನಿಮ್ಮಮ್ಮನೇ ಬಂದು ನೋಡ್ಕಬೇಕು, ಹೇಳಿದೀನಿ.”

“ನಮ್ಮಮ್ಮ ನಿಮಗಿಂತ ಭಾರ. ಸಂತೆಗೆ ಅವಳನ್ನ ಕೂರಿಸ್ಕಂಡು ಹೋಗಿ ಅಭ್ಯಾಸ ಇದೆ.”

ಅಕ್ಕ ಬರುವ ಮುಂಚೆ ಒಂದು ಸಲ ಹೊಡೆದು ನೋಡಿದೆವು. ಮೊದಲ ಎರಡು ಮನೆಗಳಷ್ಟು ದೂರ ವೇಗ ಹಿಡಿಯಲು ಬೇಕು, ಕೊನೆಯ ಅರ್ಧ ಮನೆ ಬ್ರೇಕಿಗೆ. ಅವ್ವ ಒಂದು ಕೈಯಲ್ಲಿ ಸೀಟು ಹಿಡಿದು ಅಡ್ಡ ಕೂತಿದ್ದಳು. ಪಕ್ಕದ ಮನೆಗಳವರು ಒಬ್ಬೊಬ್ಬರಾಗಿ ಮೆಟ್ಟಿಲ ಬಾಗಿಲಲ್ಲಿ ನಿಂತರು. ಒಣಹಾಕಿದ್ದ ಹಪ್ಪಳ ಎತ್ತಿಕೊಂಡರು. ನಾನು ಅವ್ವನಿಗೆ ಹೇಳಿದೆ: “ಬಾಗಿಲು ತೆಗೆಯೋವಾಗ ಎಷ್ಟು ತಳ್ತೀಯೋ ಅಷ್ಟು ಸಾಕು. ಬೆನ್ನಿನ ನಡುವೆ ಅಂಗೈ ಇಟ್ಟು ಮುಂದಕ್ಕೆ. ಹಿಂದಕ್ಕೆ ಮಾತ್ರ ಎಳೀಬ್ಯಾಡ.” ಅವಳು ಏನು ಮಾಡುತ್ತಾಳೆ ಎಂದು ನನಗೆ ಗೊತ್ತಿರಲಿಲ್ಲ. ಅವಳಿಗೂ ಗೊತ್ತಿರಲಿಲ್ಲ ಎಂದೇ ನನ್ನ ಅನುಮಾನ.

ಹನ್ನೆರಡೂ ನಲವತ್ತರ ಹತ್ತಿರ ಅಕ್ಕ ಹುಣಸೆ ತೋಪಿನ ಮೇಲೆ ಕಂಡಳು. ಭಾವ ತುಳಿಯಲು ಶುರು ಮಾಡಿದರು. ಎರಡನೇ ಮನೆ ಮುಗಿಯುವಾಗ ಅಕ್ಕ ಸೈಕಲ್ಲಿನ ಪಕ್ಕಕ್ಕೆ ಬಂದಳು, ಮೂರನೇ ಮನೆಯ ಮೇಲೆ ಮೂವರೂ ಒಂದೇ ಸಾಲಿನಲ್ಲಿದ್ದರು. ನಾನು ಹಿಂದೆ ಓಡುತ್ತಿದ್ದೆ. ಅವ್ವ ಕೈ ಚಾಚಿದಳು. ಬೆನ್ನಿಗಲ್ಲ. ಅಕ್ಕನ ಮುಂಗೈಯನ್ನು ಹಿಡಿದುಕೊಂಡಳು.

ಹಿಂದಕ್ಕೆ ಎಳೆದೇಬಿಟ್ಟಳು ಎಂದುಕೊಂಡೆ. ಆದರೆ ಏನೂ ಆಗಲಿಲ್ಲ. ಒಂದೇ ವೇಗದಲ್ಲಿ ಸಾಗುವವರು ಒಬ್ಬರನ್ನೊಬ್ಬರು ಹಿಡಿದರೆ ಯಾರೂ ನಿಧಾನವಾಗುವುದಿಲ್ಲ, ಯಾರೂ ಇಳಿಯುವುದಿಲ್ಲ. ನಾಲ್ಕನೇ ಮನೆ, ಐದನೇ ಮನೆ, ಆರನೇ ಮನೆ. ಭಾವ ಮುಂದೆ ನೋಡುತ್ತ ಒಂದೇ ಸಮ ತುಳಿದರು. ಅವ್ವ ಅಕ್ಕನ ಮುಂಗೈಯ ಮೇಲೆ ಹೆಬ್ಬೆರಳು ಆಡಿಸುತ್ತಿದ್ದಳು. ನಾಲ್ಕು ವರ್ಷದಲ್ಲಿ ಅವರಿಬ್ಬರೂ ಅಷ್ಟು ಹೊತ್ತು ಕೈ ಹಿಡಿದುಕೊಂಡಿರಲಿಲ್ಲ. ಎಂಟು, ಒಂಬತ್ತು. ಭಾವ ಬ್ರೇಕ್ ಒತ್ತುವಾಗ ಆ ಕೈ ಹಾಗೇ ಇದ್ದರೆ ಅಕ್ಕ ಅಲ್ಲೇ ನಿಂತುಬಿಡುತ್ತಾಳೆ, ಅಥವಾ ಕಿತ್ತುಕೊಂಡು ಗೋಡೆಗೆ ಹೋಗುತ್ತಾಳೆ. ಹತ್ತು. “ಅತ್ತೆ, ತುದಿ ಬಂತು” ಎಂದರು ಭಾವ. ಹನ್ನೊಂದನೇ ಮನೆಯ ನಡುವೆ ಅವ್ವ ಕೈ ಬಿಟ್ಟಳು. ಅಂಗೈಯನ್ನು ಅಕ್ಕನ ಬೆನ್ನಿಗೆ ಇಟ್ಟಳು. ತಳ್ಳಿದಳು.

ಅದು ಬಾಗಿಲು ತೆಗೆಯುವಷ್ಟಿರಲಿಲ್ಲ, ಬಾಗಿಲು ಮುರಿಯುವಷ್ಟಿತ್ತು. ಸೈಕಲ್ ಆ ಏಟಿಗೆ ಓಲಾಡಿ, ಮುಂದಿನ ಚಕ್ರ ಅಂಚಿನ ಗೋಡೆಗೆ ತಾಗಿ ನಿಂತಿತು. ಅಕ್ಕ ತಿರುಗಿ ನೋಡದೆ ಪೋಸ್ಟಾಫೀಸಿನ ಮೇಲೆ ಹೋದಳು. ಭಾವ ಸೈಕಲ್ಲನ್ನು ಮತ್ತೆ ಹೆಗಲಿಗೇರಿಸಿಕೊಂಡು, ತಗಡು ಎಷ್ಟು ಬಿಚ್ಚಿದ್ದಾರೋ ನೋಡುತ್ತೇನೆ ಎಂದು ಕೆಳಗಿಳಿದು ಹೊರಟರು. ಅಕ್ಕನಿಗಿಂತ ಮೊದಲು ಅಲ್ಲಿಗೆ ಮುಟ್ಟಲಾಗದು ಎಂಬುದು ಅವರಿಗೂ ಗೊತ್ತಿತ್ತು.

ನಾನು ಮತ್ತು ಅವ್ವ ತಾರಸಿಯಲ್ಲೇ ಕೂತೆವು. ಒಂದು ಗಂಟೆಗೆ ಅವಳು ಗಿರಣಿಯ ಮೇಲಿರಬೇಕು. ಗುಡ್ಡ ಅಡ್ಡ, ನಮಗೆ ಏನೂ ಕಾಣುವುದಿಲ್ಲ, ಏನೂ ಕೇಳುವುದಿಲ್ಲ. ಅವ್ವ ಗಡಿಯಾರವನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು. ಮೂವತ್ತೊಂಬತ್ತೂವರೆ ನಿಮಿಷ ಆಯಿತು. ನಲವತ್ತಾಯಿತು. ತೋಪಿನ ಮೇಲೆ ಬರೀ ಬಿಸಿಲು.

“ಬರ್ಲಿಲ್ಲ” ಎಂದಳು.

“ತಡ ಆಗ್ಲೇಬೇಕವ್ವ. ಮೇಲೆ ಹೋದಷ್ಟೂ ದಾರಿ ಉದ್ದ, ಅಲ್ಲಿ ನಡಿಗೇನೂ ನಿಧಾನ.”

“ಎಷ್ಟು ತಡ?”

“ನೀ ಎಷ್ಟು ತಳ್ಳಿದೀಯೋ ಅಷ್ಟು. ನಂಗೊತ್ತಿಲ್ಲ.”

ಅವ್ವ ಅದನ್ನು ಯೋಚಿಸಿದಳು. “ದಾಟಿದ್ರೂ ತಡ, ಬಡಿದ್ರೂ ತಡ ಅನ್ನು.”

“ಹೂಂ.”

ನಲವತ್ತೊಂದಾಯಿತು. ಪುಸ್ತಕದಲ್ಲಿ ಓದಿದ್ದು ಸರಿ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದರೂ ತೋಪಿನ ಮೇಲಿಂದ ಕಣ್ಣು ತೆಗೆಯಲಿಲ್ಲ. ಅವ್ವ ಗಡಿಯಾರವನ್ನು ಮಗುಚಿ ಇಟ್ಟಳು. ಆಮೇಲೆ ಅದನ್ನು ಮತ್ತೆ ತೆಗೆದು ನೋಡುವ ಧೈರ್ಯ ಇಬ್ಬರಿಗೂ ಬರಲಿಲ್ಲ. ಕೆಳಗೆ ಬೀದಿಯಲ್ಲಿ ಯಾರೋ ಸೊಪ್ಪು ಕೂಗಿಕೊಂಡು ಹೋದರು. ಪಕ್ಕದ ಮನೆಯವಳು ಹಪ್ಪಳವನ್ನು ಮತ್ತೆ ಹರಡಲು ಬಂದವಳು ನಮ್ಮನ್ನು ನೋಡಿ ಹಾಗೇ ವಾಪಸ್ಸು ಹೋದಳು.

ಆಗ ತೋಪಿನ ಮೇಲೆ ಹಸಿರು ಸೀರೆ ಕಂಡಿತು.

ನಾನು ಎದ್ದು ಓಡಿದೆ. ಅವಳ ಮಂಡಿಯ ರಕ್ತ ಒಣಗಿ ಕಪ್ಪಾಗಿತ್ತು, ಹೊಸದಿರಲಿಲ್ಲ. “ಗಿರಣಿ ಎಷ್ಟು ಸಣ್ಣದಾಗಿ ಕಾಣ್ತು ಗೊತ್ತಾ” ಎಂದಳು. “ಅಷ್ಟು ಮೇಲೆ ಯಾವತ್ತೂ ಹೋಗಿರ್ಲಿಲ್ಲ. ಗುಡ್ಡದ ತಲೆ ಮೇಲಿಂದ ಈ ಕಡೆ ಎಲ್ಲ ಕಾಣುತ್ತೆ ದಾಕ್ಷಿ. ನಮ್ಮ ತಾರಸಿ ಕಂಡ್ತು. ಅವ್ವ ಸ್ಟೂಲ್ ಮೇಲೆ ಕೂತಿದ್ದು ಕಂಡ್ತು.” ಹನ್ನೆರಡು ಮನೆ ಮುಗಿದವು.

ವಾಪಸ್ಸು ನಡೆದು ಬಂದು ಅವ್ವನಿಗೆ ಹೇಳಿದೆ. ಅಲ್ಲಿಂದ ನೀನು ಕಾಣುತ್ತೀಯಂತೆ ಎಂದೆ. ಅವ್ವ ಗುಡ್ಡದ ತುದಿಯನ್ನು ನೋಡಿದಳು, ಅದು ಇನ್ನೂ ಎಷ್ಟು ಅಡ್ಡ ಇದೆ ಎಂದು ಅಳೆಯುವವಳ ಹಾಗೆ. ಆಮೇಲೆ ಬಲ ತೋಳನ್ನು ಎಡಗೈಯಿಂದ ನೀವಿಕೊಳ್ಳುತ್ತ, “ನಾಳೆ ಇನ್ನೊಂಚೂರು ತಳ್ಳಲಾ ಅಂತ ಕೇಳು” ಎಂದಳು.

ಅಕ್ಕ ಆಗಲೇ ಕಣ್ಣಿಗೆ ಮರೆಯಾಗಿದ್ದಳು. ಕೇಳಲು ಇನ್ನು ನಲವತ್ತೆರಡೋ ನಲವತ್ತಮೂರೋ ನಿಮಿಷ ಇತ್ತು. ಅಷ್ಟರಲ್ಲಿ ಊಟ ಮುಗಿಸೋಣ ಎಂದು ನಾನು ಅವ್ವನನ್ನು ಎಬ್ಬಿಸಿದೆ.